ಮೀನುಗಳು ನನ್ನನ್ನು ಗುರುತು ಹಿಡಿದ ಕಾಲ

ತನ್ನನ್ನು ನಾಲ್ಕು ಜನ ಗುರುತು ಹಿಡಿಯಬೇಕೆಂಬ ಆಸೆ ಯಾರಿಗಿಲ್ಲ ಹೇಳಿ? ತಿಪಟೂರಿನ ಕೊಬ್ಬರಿ ಮಂಡಿಯಲ್ಲಿ ನನಗೆ ಅಷ್ಟು ಗುರುತಿದೆ. ಏಳನೇ ಕ್ಲಾಸಿಗೇ ಶಾಲೆ ಬಿಟ್ಟವನಾದರೂ, ಕಾಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಒಳಗೆ ಉಂಡೆ ಕೊಬ್ಬರಿ ಆಗಿದೆಯೋ ಇಲ್ಲವೋ ಹೇಳಿಬಿಡುತ್ತೇನೆ. ಮನುಷ್ಯರ ಗುರುತು ಸಾಲದೆಂದು ಮೀನುಗಳ ಗುರುತಿಗೂ ಆಸೆಪಟ್ಟೆ ನೋಡಿ, ಎಡವಿದ್ದು ಅಲ್ಲಿ.

ತೋಟದ ಕೃಷಿಹೊಂಡಕ್ಕೆ ಮೀನುಮರಿ ಬಿಟ್ಟಿದ್ದೆ. ನಮ್ಮದು ಲಿಂಗ ಕಟ್ಟುವ ಮನೆ; ಮೀನು ಹೊಟ್ಟೆಗಲ್ಲ, ಮಾರಾಟಕ್ಕೆ. ಮರಿ ಕೊಟ್ಟವರು, "ಆಗಾಗ ನೀರು ನೋಡ್ತಿರಿ, ಬಲೆ ಹಾಕಿ ನಾಲ್ಕು ಮೀನು ಹಿಡ್ದು ತೂಕ ನೋಡಿ" ಎಂದಿದ್ದರು. ತಲೆಯಾಡಿಸಿ ಬಂದೆ. ಅಟ್ಟಕ್ಕೆ ಹಾಕಿದ ಕಾಯನ್ನು ನಾವು ತಿಂಗಳುಗಟ್ಟಲೆ ಮುಟ್ಟುವುದಿಲ್ಲ. ತನ್ನ ಪಾಡಿಗೆ ಬಿಟ್ಟರೇ ಅದು ಕೊಬ್ಬರಿಯಾಗುವುದು. ಮೀನೂ ಹಾಗೇ ಅಂದುಕೊಂಡೆ. ಸಾಲದ್ದಕ್ಕೆ, ಅಷ್ಟು ನೀರು ಸುಮ್ಮನೆ ನಿಂತಿದೆಯಲ್ಲ ಎಂದು ಸುಲಿದ ಕಾಯಿಯ ಮಟ್ಟೆಯನ್ನೂ ಅದರಲ್ಲೇ ನೆನೆಹಾಕಿದೆ. ನೆಂದ ಮಟ್ಟೆ ತೆಂಗಿನ ಬುಡಕ್ಕೆ ಒಳ್ಳೆಯದು.

ಸ್ವಲ್ಪ ದಿನಕ್ಕೆ ಒಂದು ವಿಚಿತ್ರ ಕಂಡಿತು. ಬೆಳಿಗ್ಗೆ ನಾನು ಏರಿಯ ಮೇಲೆ ನಿಂತರೆ ಸಾಕು, ಮೀನುಗಳೆಲ್ಲ ಮೇಲೆ ಬಂದು ನನ್ನತ್ತ ಬಾಯಿ ಬಿಡುತ್ತಿದ್ದವು. ಕೆಮ್ಮಿ ನೋಡಿದೆ, ಟವೆಲ್ ಬದಲಿಸಿಕೊಂಡು ಬಂದು ನೋಡಿದೆ. ಆಗಲೂ ಬಾಯಿ ಬಿಟ್ಟವು. ಹೆಂಡತಿಯನ್ನು ಕರೆದು ತೋರಿಸಿದೆ. "ಯಜಮಾನ ಯಾರು ಅಂತ ಅವುಕ್ಕೂ ಗೊತ್ತು ಕಣೇ."

"ಕೊಟ್ಟಿಗೆ ಹಸಾನೇ ನಿಮ್ಮ ಮುಖ ನೋಡಲ್ಲ, ಇವು ನೋಡ್ತವಾ?" ಎಂದಳು.

ಮೋಟರ್ ರಿಪೇರಿಗೆ ಬಂದ ಗೆಳೆಯ ಅನ್ವರನಿಗೂ, "ನಂಗೆ ಹೆಂಗೆ ನಮಸ್ಕಾರ ಹೊಡೀತಾವೆ ನೋಡ್ಲಾ" ಎಂದು ತೋರಿಸಿದೆ. ಅವನು ಬಗ್ಗಿ ಬೊಗಸೆ ನೀರು ತೆಗೆದು ಮೂಸಿದ.

"ನಮಸ್ಕಾರ ಅಲ್ಲ ಕಣ್ಲಾ ಸಿದ್ದ ಅದು. ಉಸಿರು ಸಿಗ್ದೆ ಒದ್ದಾಡ್ತಾವೆ. ನಿನ್ ಮಟ್ಟೆ ಕೊಳ್ತು ನೀರಲ್ಲಿರೋ ಗಾಳಿನೆಲ್ಲ ತಿಂದಾಕೈತೆ."

"ನೀನೇನ್ಲಾ ಮೀನಿನ ಡಾಕ್ಟ್ರಾ?"

"ನಮ್ಮನೇಲಿ ಮೀನು ತಿಂತೀವಪ್ಪ, ಬದುಕಿರೋದು ಯಾವ್ದು, ಸಾಯೋದು ಯಾವ್ದು ಗೊತ್ತಾಗ್ತದೆ. ಅಲ್ನೋಡು."

ಮೂಲೆಯಲ್ಲಿ ಎರಡು ಮೀನು ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಉಳಿದವೂ ಅದೇ ದಾರಿ ಹಿಡಿಯುವುದರಲ್ಲಿದ್ದವು. ಅನ್ವರ್ ಮೋಟರ್ ಸರಿಮಾಡಿ, ಪೈಪನ್ನು ಎತ್ತರಕ್ಕೆ ಕಟ್ಟಿ ಹೊಸ ನೀರನ್ನು ಮೇಲಿನಿಂದ ಸುರಿಸಿದ. ನಾನು ಪಂಚೆ ಎತ್ತಿಕಟ್ಟಿ ಹೊಂಡಕ್ಕಿಳಿದು, ನಾರುವ ಮಟ್ಟೆಯನ್ನೆಲ್ಲ ಎಳೆದು ದಡಕ್ಕೆ ಹಾಕಿದೆ. ಸಂಜೆ ಹೊತ್ತಿಗೆ ಮೀನುಗಳು ಕೆಳಗಿಳಿದವು. ಬದುಕಿಕೊಂಡವು.

ಅಂದಿನಿಂದ ನನಗೆ ನೀರು ನೋಡುವ ಹುಚ್ಚು. ಕಾಯಿ ಹೋಳಿಗೆ ಕಲ್ಲು ಕಟ್ಟಿ ಹಗ್ಗದಲ್ಲಿ ಇಳಿಬಿಡುತ್ತೇನೆ. ಗೇಣುದ್ದ ಇಳಿಯುವುದರೊಳಗೇ ಅದರ ಬಿಳುಪು ಮರೆಯಾದರೆ ನೀರು ತೀರಾ ಮಂದವಾಗಿದೆ ಎಂದು ಲೆಕ್ಕ. ಮೀನು ಕಚ್ಚಿದ ಹೋಳನ್ನು ಹೆಂಡತಿ ಅಡುಗೆಮನೆಗೆ ಸೇರಿಸುವುದಿಲ್ಲ ಎಂಬುದೊಂದೇ ನಷ್ಟ. ತಿಂಗಳಿಗೊಮ್ಮೆ ಬಲೆಯನ್ನೂ ಹಾಕಿಸುತ್ತೇನೆ. ಮೀನು ಮೈ ತುಂಬಿಕೊಳ್ಳುತ್ತಿವೆ.

ಆದರೆ ಬೆಳಿಗ್ಗೆ ಒಂದೂ ಮೇಲೆ ಬರುವುದಿಲ್ಲ. ಚೆನ್ನಾಗಿವೆ ಎಂಬ ಸಂತೋಷವೇನೋ ಇದೆ. ಆದರೂ ಹಳೆಯ ಗುರುತಿಗೆ ಒಂದಾದರೂ ಇಣುಕಬಾರದೇ ಎಂದು ಬಗ್ಗಿ ಕಾಯುತ್ತೇನೆ. ಮೊನ್ನೆ ಹಾಗೆ ನಿಂತಿದ್ದಾಗ ಹೆಂಡತಿ ಹಿಂದಿನಿಂದ ಬಂದಳು.

"ಬಾಯಿ ಮುಚ್ಕಳಿ ಅತ್ಲಾಗೆ. ನಿಮಗೇ ಉಸಿರು ಸಿಗ್ತಿಲ್ಲ ಅನ್ಕಂಡಾವು ಮೀನು."