ಉದ್ದ ಕೋಟಿನವನ ನಾಲ್ಕನೆಯ ಸಾವು

ನಮ್ಮ ಸೋದರತ್ತೆಯ ಪ್ರಕಾರ ಈ ಜಗತ್ತಿನಲ್ಲಿ ಯಾರಿಗೂ ಸರಿಯಾಗಿ ಸಾಯಲು ಬರುವುದಿಲ್ಲ! ಬದುಕಲು ಬಾರದವರನ್ನು ಅವರು ಹೇಗೋ ಕ್ಷಮಿಸಿಬಿಡುತ್ತಿದ್ದರು. ಸಾಯಲು ಬಾರದವರನ್ನು ಕಂಡರೆ ಮಾತ್ರ ತಡೆಯಲಾಗುತ್ತಿರಲಿಲ್ಲ. "ಜನ್ಮಕ್ಕೆ ಒಂದೇ ಸಲ ಮಾಡೋ ಕೆಲಸ. ಅದನ್ನಾದ್ರೂ ನೆಟ್ಟಗೆ ಮಾಡಬಾರ್ದೇ?" ಎನ್ನುವರು.

ಇಷ್ಟು ಅಧಿಕಾರದಿಂದ ಮಾತಾಡಲು ಅವರೇನು ಡಾಕ್ಟರೇ? ಅಲ್ಲ. ನರ್ಸೇ? ಅದೂ ಅಲ್ಲ. ನಮ್ಮ ತಂದೆಯ ಅಕ್ಕ. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ತಮ್ಮನ ಮನೆ ಸೇರಿದವರು. ಆಗ ಜಯನಗರದಲ್ಲಿ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ಆ ಇದ್ದ ಮನೆಗಳಲ್ಲಿ, ಅತ್ತ ತ್ಯಾಗರಾಜನಗರದಲ್ಲಿ, ಯಾರಿಗಾದರೂ ಕೊನೆಗಾಲ ಬಂತೆಂದರೆ ಮನೆಯವರು ಡಾಕ್ಟರನ್ನು ವಾಪಸು ಕಳಿಸಿ ಅತ್ತೆಯನ್ನು ಕರೆಸುತ್ತಿದ್ದರು. ಅತ್ತೆ ಕಾಶಿಯ ಗಂಗೆ ತುಂಬಿದ ಪುಟ್ಟ ತಾಮ್ರದ ಗಿಂಡಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹೋಗಿ, ಹೊರಟವರ ತಲೆಯ ಹತ್ತಿರ ಕೂತು, ಬಾಯಿಗೆ ಒಂದೊಂದೇ ತೊಟ್ಟು ನೀರು ಬಿಡುವರು. ಆ ಗಿಂಡಿಯ ಗಂಗೆ ಎಂದೂ ಮುಗಿದದ್ದಿಲ್ಲ. ಅರ್ಧಕ್ಕೆ ಇಳಿದಾಗಲೆಲ್ಲ ನಮ್ಮ ಮನೆಯ ನಲ್ಲಿಯ ನೀರು ಸೇರಿಸುತ್ತಿದ್ದರು. ನಾನು ಇದು cheating ಎಂದಾಗ, "ಗಂಗೆಗೆ ನಲ್ಲಿ ನೀರು ಸೇರಿದ್ರೆ ಗಂಗೆ ಕೆಡುತ್ತಾ, ನಲ್ಲಿ ನೀರು ಉದ್ಧಾರ ಆಗುತ್ತಾ? ನೀನೇ ಹೇಳು" ಎಂದರು. ಕಾನ್ವೆಂಟಿನ ಮಾರಲ್ ಸೈನ್ಸ್ ಪುಸ್ತಕದಲ್ಲಿ ಇದಕ್ಕೆ ಉತ್ತರವಿರಲಿಲ್ಲ.

ತ್ಯಾಗರಾಜನಗರದಲ್ಲಿ ಒಬ್ಬ ಲೆಕ್ಚರರಿಗೆ ಮೂರು ವಾರದಿಂದ ಜ್ವರ. ಒಂದು ದಿನ ಅತ್ತೆ ಅವರ ಪಕ್ಕದ ಮನೆಗೆ ಹಪ್ಪಳ ಒತ್ತಲು ಹೋಗುತ್ತಿದ್ದರು. ಕಿಟಕಿಯಿಂದ ಇವರನ್ನು ಕಂಡ ಲೆಕ್ಚರರು ಹಾಸಿಗೆಯಿಂದ ಎದ್ದವರೇ ಸ್ನಾನ ಮಾಡಿ, ಕೋಟು ಹಾಕಿಕೊಂಡು ಕಾಲೇಜಿಗೆ ಹೊರಟೇಬಿಟ್ಟರಂತೆ! ಅವರ ಹೆಂಡತಿ ಅತ್ತೆಗೆ ಒಂದು ಡಬ್ಬಿ ಕೋಡುಬಳೆ ಕಳಿಸಿದರು. ಯಾಕೆ ಕಳಿಸಿದರೆಂದು ಅತ್ತೆಗೆ ಕೊನೆಗೂ ತಿಳಿಯಲಿಲ್ಲ.

ಇಂಥ ಅತ್ತೆಗೆ ನಾನು ಒಂದು ಮಾತು ಕೊಟ್ಟು ತಪ್ಪಿದೆ. ಏನು ಮಾತು? ಒಂದು ದೆವ್ವದ ಪಿಕ್ಚರಿಗೆ ಕರೆದುಕೊಂಡು ಹೋಗುತ್ತೇನೆಂದು. ನಗಬೇಡಿ. ನಾನೀಗ ಅವರಿಗಿಂತಲೂ ಮುದುಕಿಯಾಗಿದ್ದೇನೆ. ಈ ನಡುವೆ ಎಷ್ಟೋ ದೊಡ್ಡ ತಪ್ಪುಗಳನ್ನು ಮಾಡಿ ಮರೆತಿದ್ದೇನೆ. ಇದೊಂದು ಮಾತ್ರ ಮರೆಯದು.

ಶುರುವಾದದ್ದು ಬಸ್ ಸ್ಟಾಪಿನ ಎದುರಿನ ಗೋಡೆಯಿಂದ. ಅಲ್ಲಿ ದಂಡಿನ ಕಡೆಯ, ಅಂದರೆ ಕಂಟೋನ್ಮೆಂಟಿನ, ಥಿಯೇಟರಿನವರು ಒಂದು ಇಂಗ್ಲಿಷ್ ಪಿಕ್ಚರಿನ ಪೋಸ್ಟರ್ ಅಂಟಿಸಿದ್ದರು. ಶವದ ಪೆಟ್ಟಿಗೆ, ಒಳಗೆ ಕಪ್ಪು ಉದ್ದ ಕೋಟಿನ ಮನುಷ್ಯ, ಬಿಟ್ಟ ಕಣ್ಣು ಬಿಟ್ಟಂತೆ. ಅತ್ತೆ ನಿಂತೇಬಿಟ್ಟರು.

"ಯಾರೇ ಇವನು?"

"ಅದು ದೆವ್ವದ ಪಿಕ್ಚರು ಅತ್ತೆ."

"ದೆವ್ವ ಆಗ್ದೆ ಇನ್ನೇನಾಗ್ತಾನೆ! ಕಣ್ಣು ಮುಚ್ಚಿಸೋದನ್ನೇ ಮರೆತಿದಾರಲ್ಲ. ಪಾಪ, ಮನೇಲಿ ತಿಳಿದೋರು ಯಾರೂ ಇರ್ಲಿಲ್ಲ ಅಂತ ಕಾಣುತ್ತೆ."

ಅವತ್ತೇ ಮನೆಯಲ್ಲಿ ಘೋಷಣೆಯಾಯಿತು: ಆ ಪಿಕ್ಚರು ನೋಡಬೇಕು. ಅಪ್ಪ, "ಅಕ್ಕಾ, ಅದು ಹೆದರ್ಸೋ ಪಿಕ್ಚರು, ನಿನಗ್ಯಾಕೆ?" ಎಂದರು. "ಹಲ್ಲಿ ಕಂಡ್ರೆ ಮಂಚ ಹತ್ತೋನು ನೀನು. ನನಗೆ ಹೇಳಕ್ಕೆ ಬರ್ಬೇಡ" ಎಂದರು ಅತ್ತೆ. ಅಪ್ಪ ಪೇಪರಿನ ಹಿಂದೆ ಮರೆಯಾದರು. ಇಂಗ್ಲಿಷನ್ನು ಕನ್ನಡಕ್ಕೆ ಮಾಡಿ ಹೇಳಲು ನನ್ನ ನೇಮಕವಾಯಿತು. ನಾನಾಗ ಹದಿಮೂರರ ಹುಡುಗಿ. ಕಾನ್ವೆಂಟಿನ ಸಿಸ್ಟರುಗಳ ಕೃಪೆಯಿಂದ ಇಂಗ್ಲಿಷಿನಲ್ಲೇ ಕನಸು ಕಾಣುವಷ್ಟು ಮುಂದುವರಿದು, ಊಟಕ್ಕೆ ಕೂತು ಅಮ್ಮನಿಗೆ "ಸಾರು, ಪ್ಲೀಸ್" ಎಂದು ಬೈಸಿಕೊಳ್ಳುತ್ತಿದ್ದೆ.

ಎರಡು ಬಸ್ಸು ಬದಲಾಯಿಸಿ ಮ್ಯಾಟಿನಿಗೆ ಹೋದೆವು. ಕಥೆ ಇಷ್ಟೇ: ಉದ್ದ ಕೋಟಿನವನು ಯಾವುದೋ ಸೀಮೆಯ ಜಮೀನ್ದಾರ. ಊರವರು ಸೇರಿ ಅವನನ್ನು ಕೊಂದಿದ್ದಾರೆ. ಅವನು ಪೆಟ್ಟಿಗೆಯಿಂದ ಎದ್ದು ಬಂದು ಒಬ್ಬೊಬ್ಬರ ಕತ್ತು ಹಿಸುಕುತ್ತಾನೆ. ಥಿಯೇಟರಿನಲ್ಲಿ ಎಲ್ಲರೂ ಚೀರುತ್ತಿದ್ದರೆ ಅತ್ತೆ ಮಾತ್ರ ಪರೀಕ್ಷೆಯ ಪೇಪರ್ ತಿದ್ದುವ ಮೇಷ್ಟರಂತೆ ಕೂತಿದ್ದರು. ಒಬ್ಬ ಹುಡುಗಿ ಕಿಟಾರನೆ ಕಿರುಚಿ ಸತ್ತಳು. "ಸುಳ್ಳು. ಹೋಗೋವಾಗ ಯಾರಿಗೂ ಅಷ್ಟು ಉಸಿರು ಇರಲ್ಲ" ಎಂದು ಅತ್ತೆ ಮಾರ್ಕು ಕಳೆದರು. ಕೊನೆಗೆ ಊರವರು ಅಟ್ಟಿಸಿಕೊಂಡು ಬಂದಾಗ ಉದ್ದ ಕೋಟಿನವನು ಒಂದು ಕೆಸರಿನ ಹೊಂಡದಲ್ಲಿ ಸಿಕ್ಕಿಕೊಂಡ. ಮೊದಲು ಕೋಟು ಮುಳುಗಿತು, ಆಮೇಲೆ ಹೆಗಲು, ಆಮೇಲೆ ಮುಖ. ಕೊನೆಗೆ ಒಂದು ಕೈ ಮಾತ್ರ ಮೇಲೆ ಉಳಿದು ಬೆರಳುಗಳನ್ನು ನಿಧಾನವಾಗಿ ಮಡಚಿಕೊಂಡಿತು. ಅಬ್ಬಾ! ಈಗಲೂ ನನಗೆ ಆ ಬೆರಳುಗಳು ಕಾಣುತ್ತವೆ.

ನಿಶ್ಶಬ್ದದಲ್ಲಿ ಅತ್ತೆಯ ದನಿ ಕೇಳಿಸಿತು: "ಸುತ್ತ ಇಷ್ಟು ಜನ ನಿಂತಿದಾರೆ, ಬಾಯಿಗೆ ಒಂದು ತೊಟ್ಟು ನೀರು ಬಿಡೋರಿಲ್ಲ!"

ಬಸ್ಸಿನಲ್ಲಿ ತೀರ್ಪು ಬಂತು: "ಇವನು ಮತ್ತೆ ಬರ್ತಾನೆ."

"ಇಲ್ಲ ಅತ್ತೆ, ದಿ ಎಂಡ್ ಅಂತ ಹಾಕಿದ್ರಲ್ಲ. ಅಂದ್ರೆ ಮುಗೀತು ಅಂತ."

"ಅವರು ಹಾಕ್ಬಿಟ್ರೆ ಆಗೋಯ್ತಾ?"

ಮರುವರ್ಷ ಅದೇ ಗೋಡೆಯ ಮೇಲೆ ಉದ್ದ ಕೋಟಿನವನು ಮತ್ತೆ ಬಂದ! ಅತ್ತೆ ನನ್ನ ಕಡೆ ಒಂದು ನೋಟ ಬೀರಿದರಷ್ಟೆ.

ಎರಡನೆಯ ಪಿಕ್ಚರಿನಲ್ಲಿ ಅವನು ಚರ್ಚಿಗೆ ನುಗ್ಗಿದ. ಗೋಪುರದ ದೊಡ್ಡ ಗಂಟೆ ಹಗ್ಗ ಕಿತ್ತುಕೊಂಡು ಅವನ ಮೇಲೆ ಬಿತ್ತು. ಒಳಗೆ ಅವನು, ಹೊರಗೆ ಆ ಗಂಟೆಯ ಸದ್ದು. ಸೀಟೆಲ್ಲ ನಡುಗಿತು. ಹತ್ತಿರವೇ ಇದ್ದ ಪಾದ್ರಿ ನಿಲುವಂಗಿ ಎತ್ತಿಕೊಂಡು ಓಡಿಹೋದ.

"ಪುರೋಹಿತನೇ ಓಡೋದ್ರೆ ಇನ್ನು ಗತಿ ಕಾಣಿಸೋರು ಯಾರೇ?" ಎಂದು ಅತ್ತೆ ಕಿಡಿಯಾದರು. ಕ್ರೈಸ್ತರಲ್ಲಿ ಕೊನೆಗಾಲಕ್ಕೆ ಹಣೆಗೆ ಎಣ್ಣೆ ಹಚ್ಚುತ್ತಾರೆಂದು ನಾನು ನನ್ನ ಕಾನ್ವೆಂಟ್ ಜ್ಞಾನ ಪ್ರದರ್ಶಿಸಿದೆ. "ಎಣ್ಣೆನಾ? ಬಾಯಾರಿದೋರಿಗೆ ಎಣ್ಣೆ ಹಚ್ಚಿದ್ರೆ ಏನು ಬಂತು?" ಮರುದಿನ ಇದನ್ನು ನಮ್ಮ ಸಿಸ್ಟರಿಗೆ ಹೇಳಿದೆ. ಬೈಯುತ್ತಾರೆಂದುಕೊಂಡರೆ, ಅವರು, ನಿನ್ನ ಅತ್ತೆ ದೇವರ ಕೆಲಸ ಮಾಡುತ್ತಿದ್ದಾರೆ ಎಂದರು. ನಾನು ಅದನ್ನು ಹೆಮ್ಮೆಯಿಂದ ಮನೆಗೆ ತಂದು ಒಪ್ಪಿಸಿದರೆ ಅತ್ತೆ, "ದೇವರಿಗೆ ಅವನ ಕೆಲಸ ಬೇಕಾದಷ್ಟಿದೆ. ಇದು ನನ್ನದು" ಎಂದುಬಿಟ್ಟರು.

ಮೂರನೆಯ ಪಿಕ್ಚರಿಗೆ ಹೋಗಬೇಕಿದ್ದ ದಿನ ಬೆಳಿಗ್ಗೆ ಚಿಕ್ಕಲಸಂದ್ರದ ಒಬ್ಬ ಗೌಡರ ಮನೆಯಿಂದ ಎತ್ತಿನ ಗಾಡಿ ಬಂತು. ಅಲ್ಲಿನ ಹಿರಿಯಜ್ಜಿಯನ್ನು ಕಳಿಸಿಕೊಟ್ಟು, ಅಲ್ಲೇ ಬಾವಿಯ ಹತ್ತಿರ ಸ್ನಾನ ಮಾಡಿ, ಅದೇ ಗಾಡಿಯಲ್ಲಿ ಅತ್ತೆ ಬಸ್ ಸ್ಟಾಪಿಗೆ ಬಂದಿಳಿದರು. ಒಂದು ಸಾವಿನಿಂದ ನೇರ ಇನ್ನೊಂದು ಸಾವಿಗೆ! ಹಾಗಾಗಿ ಗಿಂಡಿ ಕೈಯಲ್ಲೇ ಇತ್ತು.

ಈ ಸಲ ಉದ್ದ ಕೋಟಿನವನನ್ನು ಕುದುರೆ ಲಾಯದಲ್ಲಿ ಕೂಡಿಹಾಕಿ ಬೆಂಕಿ ಹಚ್ಚಿದರು. ಅವನು ಹೇಗೋ ತೆವಳಿಕೊಂಡು ಹೊರಬಂದ. ಕೋಟು ಹೊಗೆಯಾಡುತ್ತಿತ್ತು. ಪಂಜು ಹಿಡಿದು ನಿಂತಿದ್ದ ಊರವರ ಕಡೆ ಕೈ ಚಾಚಿ, ಮೂರು ಪಿಕ್ಚರುಗಳಲ್ಲಿ ಮೊದಲ ಬಾರಿಗೆ ಮಾತಾಡಿದ. "ವಾಟರ್," ಎಂದ.

ಅದನ್ನು ನಾನು ಕನ್ನಡಕ್ಕೆ ತಿರುಗಿಸಬೇಕಾಗಲಿಲ್ಲ. ಅಷ್ಟು ಇಂಗ್ಲಿಷು ಅತ್ತೆಗೂ ಬರುತ್ತಿತ್ತು. ನೋಡುತ್ತೇನೆ, ಅತ್ತೆ ಎದ್ದು ಸೆರಗಿನಿಂದ ಗಿಂಡಿ ತೆಗೆದುಕೊಂಡು ಪರದೆಯ ಕಡೆ ನಡೆಯುತ್ತಿದ್ದಾರೆ! ಟಾರ್ಚ್ ಹಿಡಿದವನು ಓಡಿಬಂದ.

"ಅಜ್ಜಿ, ಅಜ್ಜಿ! ಎಲ್ಲೋಗ್ತಿದ್ದೀರಾ? ಅದು ಪಿಕ್ಚರು!"

"ನಂಗೊತ್ತಿಲ್ವೇನಪ್ಪಾ ಪಿಕ್ಚರು ಅಂತ? ಪಿಕ್ಚರಾದ್ರೇನು, ಅವನು ಕೇಳ್ತಿರೋದು ನೀರು ತಾನೆ?"

ಅವನು ಟಾರ್ಚನ್ನು ಕೆಳಗಿಳಿಸಿ, "ಇಂಟರ್‌ವಲ್‌ನಲ್ಲಿ ಬಂದಿದ್ರೆ ಏನಾದ್ರೂ ಮಾಡಬೋದಿತ್ತು ಅಜ್ಜಿ, ಈಗ ಮುಗೀತು" ಎಂದ. ಜನ ಹೋ ಎಂದು ನಕ್ಕರು. ಲೈಟು ಹತ್ತಿತು. ಹಿಂದಿನ ಸಾಲಿನಲ್ಲಿ ನಮ್ಮ ಕ್ಲಾಸಿನ ಇಬ್ಬರು ಹುಡುಗಿಯರು ಕರ್ಚೀಫು ಬಾಯಿಗಿಟ್ಟುಕೊಂಡು ನಗುತ್ತಿದ್ದರು. ನನಗೆ ಎಂಥ shame! ಆ ಕೆಸರಿನ ಹೊಂಡ ಅಲ್ಲೇ ಸಿಕ್ಕಿದ್ದರೆ ನಾನೂ ಇಳಿಯುತ್ತಿದ್ದೆ. ಅತ್ತೆಗೆ ಅದ್ಯಾವುದರ ಪರಿವೆಯೂ ಇಲ್ಲ. ಆಚೆ ಬಂದು, ಥಿಯೇಟರಿನ ಬಾಗಿಲ ಬಳಿಯ ಕ್ರೋಟನ್ ಕುಂಡಕ್ಕೆ ಗಿಂಡಿಯ ನೀರು ಸುರಿದು, "ಅವನ ಹೆಸರಲ್ಲಿ" ಎಂದರು.

ಬಸ್ಸಿನಲ್ಲಿ ಅವರು ಎಲ್ಲರಿಗೂ ಕೇಳುವಂತೆ ಹೇಳಿದರು: "ಮತ್ತೆ ಬರ್ತಾನೆ ಕಣೇ. ಬಂದಾಗ ಕರ್ಕೊಂಡು ಹೋಗ್ತೀಯ ತಾನೆ? ಒಂದು ಸಲವಾದ್ರೂ ಅವನು ನೆಮ್ಮದಿಯಾಗಿ ಹೋಗೋದು ನೋಡ್ಬೇಕು."

"ಹೂಂ ಅತ್ತೆ, ಪ್ರಾಮಿಸ್," ಎಂದೆ. ಅವರು ಮೆಲ್ಲಗೆ ಮಾತಾಡಲಿ ಎಂಬುದಷ್ಟೇ ನನ್ನ ಆಸೆಯಾಗಿತ್ತು.

ನಾಲ್ಕನೆಯದು ಬರಲು ಮೂರು ವರ್ಷ ಹಿಡಿಯಿತು. ಅಷ್ಟರಲ್ಲಿ ನಾನು ಕಾಲೇಜು ಸೇರಿ, ಎರಡು ಜಡೆ ಒಂದಾಗಿ, ಕೈಗೆ ವಾಚು ಬಂದಿತ್ತು. ಅತ್ತೆಯ ಒಂದು ಕಣ್ಣಿಗೆ ಪೊರೆ, ಎರಡೂ ಮಂಡಿಗೆ ನೋವು. ಆದರೂ ಪೋಸ್ಟರನ್ನು ಮೊದಲು ಕಂಡವರು ಅವರೇ. "ಬಂದ ನೋಡೇ!" ಎಂದು ಎಷ್ಟೋ ದಿನದ ಮೇಲೆ ನೆಂಟ ಬಂದಷ್ಟು ಸಂಭ್ರಮ. ಶನಿವಾರದ ಮ್ಯಾಟಿನಿ ಎಂದು ನಿಶ್ಚಯವಾಯಿತು.

ಶುಕ್ರವಾರ ಕಾಲೇಜಿನ ಗೆಳತಿಯರು ಅದೇ ಪಿಕ್ಚರಿಗೆ ಹೊರಟರು. ನಾನೂ ಹೊರಟೆ. ಪಕ್ಕದಲ್ಲಿ ಗಿಂಡಿಯಿಲ್ಲದೆ, ಕನ್ನಡ ಮಾಡಿ ಹೇಳುವ ಕೆಲಸವಿಲ್ಲದೆ, ಎಲ್ಲರಂತೆ ಚೀರಲು ಎಷ್ಟು ಹಗುರವೆನಿಸಿತು! ಮುಗಿಯಲು ಹತ್ತು ನಿಮಿಷವಿದ್ದಾಗ ಬಸ್ಸು ತಪ್ಪುತ್ತದೆಂದು ಒಬ್ಬಳು ಎದ್ದಳು. ಎಲ್ಲರೂ ಎದ್ದೆವು. ಉದ್ದ ಕೋಟಿನವನು ಆಗಿನ್ನೂ ಮಹಡಿಯ ಮೆಟ್ಟಿಲು ಹತ್ತುತ್ತಿದ್ದ. ನಾನು ತಿರುಗಿಯೂ ನೋಡಲಿಲ್ಲ.

ಶನಿವಾರ ಹನ್ನೊಂದು ಗಂಟೆಗೇ ಅತ್ತೆ ಒಗೆದ ಸೀರೆಯುಟ್ಟು, ಶಾಲು ಮಡಚಿ ಹೆಗಲಿಗೆ ಹಾಕಿಕೊಂಡು ಜಗುಲಿಯ ಮೇಲೆ ಕೂತಿದ್ದರು. ಅವರೊಂದಿಗೆ ಮತ್ತೆ ಆ ಥಿಯೇಟರಿಗೆ? ಅಲ್ಲಿ ಯಾರಾದರೂ ನೋಡಿದರೆ? "ಆ ಪಿಕ್ಚರು ತೆಗೆದುಬಿಟ್ರಂತೆ ಅತ್ತೆ," ಎಂದೆ. ಅವರು, "ಹೋಗ್ಲಿ ಬಿಡು, ನನ್ನ ಋಣ ಇಲ್ಲ" ಎಂದು ಶಾಲು ತೆಗೆದಿಟ್ಟರು.

ಭಾನುವಾರ ಗೆಳತಿಯೊಬ್ಬಳು ನೋಟ್ಸ್ ಕೇಳಲು ಬಂದಳು. ಕಾಫಿ ಕುಡಿಯುತ್ತ, ಅತ್ತೆಯ ಎದುರಿಗೇ, "ಮೊನ್ನೆ ಪಿಕ್ಚರಲ್ಲಿ ನೀನು ಚೀರಿದ್ದೇ ಚೀರಿದ್ದು! ಅಕ್ಕ ಇವತ್ತು ಹೋಗಿದಾಳೆ, ಅವಳ್ನ ಕೇಳ್ಬೇಕು ಅವನು ಹೇಗೆ ಸತ್ತ ಅಂತ" ಎಂದುಬಿಟ್ಟಳು. ಒಂದೇ ವಾಕ್ಯದಲ್ಲಿ ನನ್ನ ಎಲ್ಲ ಸುಳ್ಳುಗಳೂ ಬಯಲು. ಆದರೆ ಅತ್ತೆಗೆ ಒಂದು ಕಿವಿಯೂ ಆಗ ಸ್ವಲ್ಪ ಮಂದ. ಅವರು ಹಿಡಿದುಕೊಂಡದ್ದು ನಾನು ಪಿಕ್ಚರು ನೋಡಿದೆನೆಂಬ ಮೊದಲರ್ಧ ಮಾತ್ರ.

ಗೆಳತಿ ಹೋದ ಮೇಲೆ ನಾನು ಬೈಗುಳಕ್ಕೆ ತಯಾರಾಗಿ ನಿಂತೆ. ಅತ್ತೆ ಪಕ್ಕಕ್ಕೆ ಸರಿದು ಜಗುಲಿಯಲ್ಲಿ ಜಾಗ ಮಾಡಿದರು.

"ನೀನು ನೋಡಿದ್ಯಾ? ಒಳ್ಳೇದಾಯ್ತು ಬಿಡು. ನನ್ನ ಮಂಡಿಗೂ ಎರಡು ಬಸ್ಸು ಹತ್ತೋದು ಕಷ್ಟವೇ. ಬಾ, ಕೂತ್ಕೋ. ಹೇಗೆ ಹೋದ?"

ನಾನು ಕೊನೆ ನೋಡಿಲ್ಲವೆಂದು ಹೇಗೆ ಹೇಳಲಿ? ಕೂತೆ. ಹೇಳತೊಡಗಿದೆ.

"ಮಹಡಿ ಹತ್ತಿ ತನ್ನ ಹಳೇ ಕೋಣೆಗೆ ಹೋದ ಅತ್ತೆ. ಕೋಟು ಬಿಚ್ಚಿಟ್ಟ."

"ಕೋಟು ಬಿಚ್ಚಿದ್ನಾ! ಅಬ್ಬ. ಆಮೇಲೆ?"

"ಮಲಕ್ಕೊಂಡ."

"ತಲೆ ಯಾವ ದಿಕ್ಕಿಗೆ?"

"ದಕ್ಷಿಣಕ್ಕೆ."

"ಆ ದೇಶದೋರಿಗೆ ಅದೆಲ್ಲ ಹೇಗೆ ಗೊತ್ತಾಯ್ತೇ?" ಅತ್ತೆಗೆ ಆಶ್ಚರ್ಯ. "ಹತ್ರ ಯಾರಾದ್ರೂ ಇದ್ರಾ?"

"ಒಬ್ಬರು ಬಂದ್ರು. ವಯಸ್ಸಾದೋರು. ಪಕ್ಕದಲ್ಲಿ ಕೂತ್ರು. ಯಾರೂ ಕರೆದಿರ್ಲಿಲ್ಲ, ಅವರೇ ಬಂದ್ರು."

"ನೀರು?"

"ಬಿಟ್ರು ಅತ್ತೆ. ನಿಧಾನವಾಗಿ. ಒಂದೊಂದೇ ತೊಟ್ಟು." ಇಷ್ಟು ಹೇಳುವಷ್ಟರಲ್ಲಿ ನಾನು ಅಳತೊಡಗಿದೆ. ಜಗುಲಿಯ ಮೇಲೆ ಕೂತು, ಹಗಲು ಹೊತ್ತಿನಲ್ಲಿ, ಕಾಲೇಜು ಓದುವ ಹುಡುಗಿ, ಬಿಕ್ಕಿಬಿಕ್ಕಿ!

ನಾನು ಆ ಉದ್ದ ಕೋಟಿನವನಿಗಾಗಿ ಅಳುತ್ತಿದ್ದೇನೆಂದು ಅತ್ತೆ ತಿಳಿದರು. ಅಲ್ಲವೆಂದು ಹೇಳುವ ಧೈರ್ಯ ನನಗೆ ಆಗಲೂ ಬರಲಿಲ್ಲ, ಆಮೇಲೆ ಅವರು ಇದ್ದ ಅಷ್ಟು ವರ್ಷಗಳಲ್ಲೂ ಬರಲಿಲ್ಲ. ಅವನು ನಿಜವಾಗಿ ಹೇಗೆ ಸತ್ತನೋ ನನಗೆ ಇಂದಿಗೂ ಗೊತ್ತಿಲ್ಲ. ಗೆಳತಿಯ ಅಕ್ಕನನ್ನೂ ಕೇಳಲಿಲ್ಲ. ಅತ್ತೆ ನನ್ನ ತಲೆಯನ್ನು ತಮ್ಮ ತೊಡೆಗೆ ಎಳೆದುಕೊಂಡರು. ಎಷ್ಟೋ ಮನೆಗಳಲ್ಲಿ ಹಿಂದೆ ಉಳಿದವರ ಬೆನ್ನು ನೇವರಿಸಿದ ಆ ಒರಟು ಅಂಗೈ ನನ್ನ ಬೆನ್ನ ಮೇಲೆ ಮೆಲ್ಲಗೆ ಆಡಿತು.

"ಅತ್ಬಿಡು ಮಗೂ," ಎಂದರು. "ನಿನ್ನ ಕೈಲಾದ್ದು ನೀನು ಮಾಡಿದೀಯ. ಇನ್ನು ಅವನನ್ನ ಬಿಟ್ಬಿಡು."