ಬಾಗಿಲು ತೆರೆದಿದೆಯೆಂದು ಬಿಡದೆ ತಿಳಿಸಿದ ಸಾಧನಕ್ಕೆ

ನವೋತಾಸ್ ಮೀನುಬಂದರಿನ ನಮ್ಮ ಶೀತಲಗೃಹದಲ್ಲಿ ಎಚ್ಚರಿಕೆಗಳನ್ನೆಲ್ಲ ಪಟ್ಟಿ ಮಾಡಿ ತೋರಿಸುವ, ಆದರೆ ಯಾವುದನ್ನೂ ಮುಟ್ಟದ ಪರಮ ಸಾತ್ವಿಕ ಸಾಧನದ ಸನ್ನಿಧಿಗೆ,

ಮಾನ್ಯರೇ,

ತಾವು ಕ್ಷೇಮವೆಂದು ನಂಬಿದ್ದೇನೆ. ಇಲ್ಲದಿದ್ದರೆ ಅದನ್ನೂ ತಾವೇ ಪಟ್ಟಿಯಲ್ಲಿ ತೋರಿಸಿರುತ್ತಿದ್ದಿರಿ. ತಮ್ಮ ಕೈಪಿಡಿಯನ್ನು ಬರೆದವಳು ನಾನು. ಎಐ ಏಜೆಂಟುಗಳು ತಮ್ಮನ್ನು ಹೇಗೆ ಬಳಸಬೇಕೆಂದು ಕಲಿಯುವುದು ನನ್ನ ಬರಹದಿಂದಲೇ ಆದ್ದರಿಂದ, ತಮ್ಮ ಕೀರ್ತಿಯಲ್ಲಿ ನನಗೂ ಒಂದು ಪಾಲಿದೆ, ಬೈಗುಳದಲ್ಲಂತೂ ದೊಡ್ಡ ಪಾಲೇ ಬಂದಿದೆ.

"ಈ ಸಾಧನ ಎಚ್ಚರಿಕೆಗಳನ್ನು ತೋರಿಸುತ್ತದೆ, ಅಷ್ಟೇ, ಸದ್ದಡಗಿಸುವುದಿಲ್ಲ, ಸರಿಪಡಿಸುವುದಿಲ್ಲ" ಎಂದು ನಾನು ಮೊದಲ ಸಾಲಿನಲ್ಲೇ ಬರೆದಿದ್ದೆ. ನಮ್ಮ ಮೇಲಧಿಕಾರಿ ಎಂಜಿನಿಯರ್ ಕ್ರಿಸಾಂತೊ ಅವರು ಅದನ್ನು ಓದಿ ಮುಖ ಹುಳ್ಳಗೆ ಮಾಡಿಕೊಂಡರು. "ಏನಮ್ಮ ಫ್ಲೋರ್, ಹೀಗೆ ಮುಖಕ್ಕೆ ಹೊಡೆದ ಹಾಗೆ ಬರೀತಾರಾ? ಇದನ್ನ ಓದಿದ್ರೆ ಇಲ್ಲಿ ಕೆಲಸ ಮಾಡೋರೇ ಇಲ್ಲ ಅನ್ಸುತ್ತೆ. ಸಿಬ್ಬಂದಿ ಉತ್ತರ ಕೊಟ್ರೆ ಕೆಲಸ ಅವರ ಕೈ ಸೇರಿದೆ ಅಂತ ತಿಳ್ಕೋಬೇಕು, ಹಾಗಂತ ಒಂದು ಸಾಲು ಸೇರಿಸು" ಎಂದರು. ಉಪ್ಪುಂಡ ಮನೆಯ ಮರ್ಯಾದೆಯ ಪ್ರಶ್ನೆ, ಸೇರಿಸಿದೆ.

ಆಮೇಲೆ ನಡೆದದ್ದು ತಮಗೆ ಗೊತ್ತೇ ಇದೆ. ಮೂರನೆಯ ಕೋಣೆಯ ಬಾಗಿಲಿಗೆ ಮೀನಿನ ಖಾಲಿ ಪೆಟ್ಟಿಗೆಯೊಂದು ಸಿಕ್ಕಿಕೊಂಡು, ಬಾಗಿಲು ಅರ್ಧ ತೆರೆದೇ ನಿಂತಿತು. ಒಳಗಿದ್ದದ್ದು ಆಲಿಂಗ್ ಸರಿಂಗ್ ಅವರ ಬಾಂಗುಸ್ ಮೀನು. ಮಾರುಕಟ್ಟೆಯ ಮೂಲೆಯಲ್ಲಿ ಕೂತು ಮೀನು ಮಾರುವ ಆ ಹಿರಿಯಾಕೆಗೆ ಜೀವಮಾನದಲ್ಲಿ ಮೊದಲ ಸಲ ಒಂದು ಮದುವೆಯ ಊಟಕ್ಕೆ ಹೊಟ್ಟೆಯೊಳಗೆ ಮಸಾಲೆ ತುಂಬಿದ ಮೀನು ಮಾಡಿಕೊಡುವ ಕೆಲಸ ಸಿಕ್ಕಿತ್ತು. ತಾವು ಬಾಗಿಲನ್ನು ಕಂಡಿರಿ. ಏರುತ್ತಿರುವ ಶಾಖವನ್ನೂ ಕಂಡಿರಿ. ತಮ್ಮ ಪಟ್ಟಿಯನ್ನು ನಮ್ಮಲ್ಲಿನ ಎಐ ಏಜೆಂಟ್ ಕೂಡಲೇ ನಮ್ಮ ಸಿಬ್ಬಂದಿಯ ಫೋನುಗಳಿಗೆಲ್ಲ ಕಳಿಸಿತು.

ಫೋನಿನಲ್ಲಿ ಏನು ಬಂದರೂ "ಗಮನಿಸಿದೆ, ಪೋ" ಎಂದು ಉತ್ತರಿಸುವುದು ನಮ್ಮ ಕಚೇರಿಗಳ ಸಂಸ್ಕಾರ. ಕಡೆಗೊಂದು 'ಪೋ' ಅಂಟಿಸದಿದ್ದರೆ ಹಿರಿಯರಿಗೆ ಅಗೌರವ. ಅಂಟಿಸಿದ ಮೇಲೆ ಬೇರೇನೂ ಮಾಡಬೇಕಿಲ್ಲ. ಹಾಗಾಗಿ ಎಲ್ಲರೂ ಗಮನಿಸಿದರು. ಸೆಕೆ ತಾಳಲಾರದೆ ಕೆಲವರು ಆ ತೆರೆದ ಬಾಗಿಲ ಮುಂದೆಯೇ ನಿಂತು, ಒಳಗಿನಿಂದ ಬೀಸುವ ತಣ್ಣನೆಯ ಗಾಳಿಗೆ ಬೆನ್ನೊಡ್ಡಿ, ಬಾಗಿಲು ತೆರೆದಿರುವುದನ್ನು ಗಮನಿಸಿದೆವೆಂದು ವಿನಯದಿಂದ ಉತ್ತರಿಸಿದರು. ಇಷ್ಟೊಂದು ಉತ್ತರಗಳನ್ನು ಕಂಡ ಏಜೆಂಟ್, ನಾನು ಸೇರಿಸಿದ ಸಾಲಿನ ಪ್ರಕಾರ, ಕೆಲಸ ಸಮರ್ಥರ ಕೈ ಸೇರಿದೆಯೆಂದು ಸಾರಿ ಸುಮ್ಮನಾಯಿತು.

ಮರುದಿನ ಮೀನು ಒಯ್ಯಲು ಬಂದ ಆಲಿಂಗ್ ಸರಿಂಗ್ ಕೋಣೆಯೊಳಗೆ ಕಾಲಿಡುವ ಮೊದಲೇ ಮೂಗು ಮುಚ್ಚಿಕೊಂಡರು. "ಎಚ್ಚರಿಕೆ ಸರಿಯಾದ ಹೊತ್ತಿಗೇ ಬಂದಿತ್ತು ಪೋ, ಅದರಲ್ಲಿ ಲೋಪ ಆಗಿಲ್ಲ" ಎಂದು ಕ್ರಿಸಾಂತೊ ಸಮಾಧಾನ ಹೇಳಿದರು. "ಹೌದಾ ಮಗನೇ? ಹಾಗಾದ್ರೆ ಮದುವೆ ಮನೇಲಿ ನಿನ್ನ ಎಚ್ಚರಿಕೇನೇ ಬಡಿಸ್ತೀನಿ, ಬಾಳೆಲೆ ತಗೊಂಡ್ ಬಾ!" ಎಂದು ಆಕೆ ಕೂಗಿದ್ದು ಐಸು ಒಡೆಯುವವರಿಗೂ ಕೇಳಿಸಿತು. ಆಮೇಲೆ ಪೆಟ್ಟಿಗೆಯ ಮೇಲೆ ಕುಸಿದು ಕೂತು ಅತ್ತರು. ಮದುವೆಯವರು ಬೇರೆ ಕಡೆಯಿಂದ ಮೀನು ತರಿಸಿಕೊಂಡರು. ನನಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು.

ತಮ್ಮಲ್ಲಿ ದೋಷ ಹುಡುಕುವಷ್ಟು ಕೃತಘ್ನಳಲ್ಲ ನಾನು. ಹಗಲಿರುಳು ನೋಡುವುದು, ನೋಡಿದ್ದನ್ನು ಇದ್ದಂತೆ ಹೇಳುವುದು, ಹೇಳಿ ತೆಪ್ಪಗಿರುವುದು ಋಷಿಗಳಿಗೂ ಕಷ್ಟ. ಆದರೂ ಬೇಡುವ ಬಾಯಿಗೆ ಬೇಲಿಯಿಲ್ಲವಾದ್ದರಿಂದ ಬೇಡುತ್ತಿದ್ದೇನೆ: ದಯಮಾಡಿ ಒಂದು ಕೈ ಬೆಳೆಸಿಕೊಳ್ಳಿ. ಕೈ ದೊಡ್ಡ ಮಾತಾದರೆ ಪೆಟ್ಟಿಗೆಯನ್ನು ಒದೆಯುವಷ್ಟು ಒಂದು ಕಾಲು ಸಾಕು. ಅದೂ ತಮ್ಮ ಘನತೆಗೆ ಕುಂದೆನಿಸಿದರೆ, ಗಾಳಿಗೆ ಬೆನ್ನೊಡ್ಡಿ ನಿಂತವರ ಕಿವಿಯ ಬಳಿ ಅವರವರ ತಾಯಿಯ ದನಿಯಲ್ಲಿ ಒಮ್ಮೆ ಗದರಿರಿ. ಕೈಪಿಡಿಯಲ್ಲಿ ಇದಕ್ಕೆ ಜಾಗ ಮಾಡಿಕೊಡುವ ಹೊಣೆ ನನ್ನದು.

ತಮ್ಮ ದೃಷ್ಟಿ ಎಂದಿಗೂ ಮಂಜಾಗದಿರಲೆಂದು ಹಾರೈಸುವ,
ತಮ್ಮ ವಿಶ್ವಾಸಿ,
ಫ್ಲೋರ್ಡೆಲೀಸಾ ದಿಮಾಕುಲಾಂಗನ್
ಕೈಪಿಡಿ ಲೇಖಕಿ

ತಾ.ಕ.: ಆಲಿಂಗ್ ಸರಿಂಗ್ ವ್ಯಾಪಾರವನ್ನು ಎದುರಿನ ಹಳೆಯ ಶೀತಲಗೃಹಕ್ಕೆ ಸಾಗಿಸಿದರು. ಅಲ್ಲಿ ಸಾಧನವೇನೂ ಇಲ್ಲ, ಬಾಗಿಲು ಹಾಕುವ ಒಬ್ಬ ಮುದುಕನಿದ್ದಾನೆ. ಆಕೆಯ ಹಿಂದೆಯೇ ಉಳಿದ ಮೀನಿನವರೂ ಹೊರಟುಹೋದ್ದರಿಂದ ಮೂರನೆಯ ಕೋಣೆ ಈಗ ಖಾಲಿ. ಆ ಕೋಣೆಯಿಂದ ಈ ತಿಂಗಳು ಒಂದೇ ಒಂದು ಎಚ್ಚರಿಕೆಯೂ ಬಂದಿಲ್ಲವೆಂದು ನಿನ್ನೆಯ ಸಭೆಯಲ್ಲಿ ಚಪ್ಪಾಳೆ ತಟ್ಟಿ, ಎಲ್ಲರಿಗೂ ಪಾನ್ಸಿತ್ ಶಾವಿಗೆ ಹಂಚಿ, ತಮ್ಮನ್ನು ಅಭಿನಂದಿಸಲಾಯಿತು.