ಜೇಬಿನಲ್ಲಿದ್ದ ಗಫೂರ

ಎಂಟು ತಿಂಗಳ ಮೇಲೆ ಪುಣೆಯಿಂದ ಔರಾದಿಗೆ ಬಂದ ಗಾರೆ ಕೆಲಸದ ಗೌಂಡಿ ಮಚ್ಛೇಂದ್ರನ ಮೊದಲ ಬೆಳಗು ಕೆಟ್ಟದ್ದು ಒಂದು ಪುಟ್ಟ ಬೆರಳಿನಿಂದ. ಆರು ವರ್ಷದ ಮಗಳು ಗೌತಮಿ ಎದ್ದಳು. ಎದುರಿಗೆ ಎರಡೂ ಕೈ ಚಾಚಿ ಕೂತಿದ್ದ ಅಪ್ಪನನ್ನು ಕರೆಂಟಿನ ಮೀಟರ್ ನೋಡಲು ಬಂದವನ ಹಾಗೆ ನೋಡಿದಳು. ಕೊರಳಲ್ಲಿ ತೂಗುತ್ತಿದ್ದ ಪುಸ್ತಕ ಬಿಡಿಸಿ ಒಂದು ಪುಟದ ಮೇಲೆ ಬೆರಳಿಟ್ಟಳು. ಆ ಪುಟದಲ್ಲಿ ಟಂಟಂ ಆಟೋಕ್ಕೆ ಒರಗಿ ಹಲ್ಲು ಬಿಟ್ಟು ನಿಂತಿದ್ದವನು ಪಕ್ಕದ ಮನೆಯ ಅಬ್ದುಲ ಗಫೂರ.

ಗೌತಮಿಗೆ ನಡಿಗೆ ತಡವಾಗಿ ಬಂದಿತ್ತು, ಮಾತು ಇನ್ನೂ ಬಂದಿರಲಿಲ್ಲ. ಭಾಲ್ಕಿಯ ಥೆರಪಿ ಸೆಂಟರಿನವರು ಆಕೆಗೆ ಈ ಪುಸ್ತಕ ಮಾಡಿಕೊಟ್ಟಿದ್ದರು. ಅಂಗೈಯಗಲದ ಎಂಟು ಪುಟ, ಪ್ರತಿಯೊಂದಕ್ಕೂ ಪ್ಲಾಸ್ಟಿಕ್ ಹೊದಿಕೆ, ಎಲ್ಲವನ್ನೂ ಹಿಡಿದಿಡಲು ಒಂದು ಉಂಗುರ. ನೀರಿನ ಗ್ಲಾಸು, ರೊಟ್ಟಿ, ಸಂಡಾಸು, ಎಮ್ಮೆ, ಅವ್ವ, ಅಪ್ಪ, ಗಫೂರ; ಕೊನೆಗೆ 'ಬೇಡ' ಅನ್ನಲು ಕೆಂಪು ಗೀಟಿನ ಒಂದು ಪುಟ. ಮುಟ್ಟಿ ತೋರಿಸುವುದೇ ಆಕೆಯ ಮಾತು.

"ಗಫೂರಭೈ, ಬರ್ರಿ, ಗೌತಮಿ ಕರೀಲಿಕ್ಕತ್ಯಾಳ," ಎಂದು ಹೆಂಡತಿ ಶಾಲುಬಾಯಿ ಗೋಡೆಯಾಚೆಗೆ ಕೂಗು ಹಾಕಿದಳು.

"ಏನ್ ಅವಸರ ಅದ? ಅವ ಇನ್ನಾ ಮಾರಿ ತೊಳಕೋತಿರಬೇಕು," ಎಂದ ಮಚ್ಛೇಂದ್ರ.

"ಸೆಂಟರಿನ್ಯಾಗ ಹಾಂಗೇ ಹೇಳ್ಯಾರ್ರಿ. ಆಕಿ ಯಾವುದು ಮುಟ್ತಾಳ, ಅದು ಆಗಿಂದಾಗ ಕೊಡಬೇಕು. ಕೊಡಲಿಲ್ಲಂದ್ರ ತನ್ನ ಮಾತು ಯಾರಿಗೂ ತಿಳಿಯಂಗಿಲ್ಲಂತ ಬೆರಳು ಎತ್ತೂದೇ ಬಿಡ್ತಾಳಂತ."

ಗಫೂರ ಬಂದೇಬಿಟ್ಟ, ಬಾಯಿ ತುಂಬ ಪೇಸ್ಟಿನ ನೊರೆ. ಅವನನ್ನು ನೋಡಿದ್ದೇ ಗೌತಮಿ ಕಿಲಕಿಲ ನಕ್ಕಳು. ಆ ನಗು ಮಚ್ಛೇಂದ್ರನ ಹೊಟ್ಟೆಯಲ್ಲಿ ಒಲೆ ಹೊತ್ತಿಸಿತು. ಹೆತ್ತವನು ತಾನು, ಹೆಸರಿಟ್ಟವನು ತಾನು, ನಗುವೆಲ್ಲ ನೊರೆ ಬಾಯಿಯವನಿಗೆ.

ಮಚ್ಛೇಂದ್ರನಾದರೂ ಸುಖಕ್ಕೇನು ಊರು ಬಿಟ್ಟಿದ್ದನೇ? ಕುಡಿಯುವ ನೀರಿಗೇ ಟ್ಯಾಂಕರಿನ ದಾರಿ ಕಾಯುವ ವರ್ಷದಲ್ಲಿ ಸಿಮೆಂಟು ಕಲಸುವವರು ಯಾರು? ಔರಾದಿನ ಗೌಂಡಿಗಳೆಲ್ಲ ಪುಣೆಗೋ ಹೈದರಾಬಾದಿಗೋ ನಡೆದಿದ್ದರು. ಅಲ್ಲಿ ಮಚ್ಛೇಂದ್ರನಿಗೆ ಇದ್ದ ಹೆಮ್ಮೆ ಒಂದೇ. ಹೆಂಡತಿ ಹೊತ್ತುಗೊತ್ತಿಲ್ಲದೆ ಫೋನು ಮಾಡುತ್ತಿದ್ದಳು. ಅವನು ನಾಲ್ಕನೇ ಮಾಳಿಗೆಯಲ್ಲಿ ಗೋಡೆಗೆ ಸಿಮೆಂಟಿನ ಗಿಲಾವು ಮಾಡುತ್ತಿರುವಾಗಲೇ, "ಏನಿಲ್ರಿ, ಹಿಂಗೇ ಮಾಡೀನಿ. ನಾಕು ಮಾತು ಆಡ್ರಿ," ಅನ್ನುತ್ತಿದ್ದಳು. ಇವನು "ರೊಟ್ಟಿ ತಿಂದೀ? ಎಮ್ಮಿ ಹಾಲು ಕೊಡ್ತದ?" ಎಂದು ಬಾಯಿಗೆ ಬಂದದ್ದು ಕೇಳುತ್ತಿದ್ದ. ಆ ಕಡೆಯಿಂದ ಬರೀ ಉಸಿರು. ಅದು ವಿರಹದ ಉಸಿರೆಂದೇ ಅವನು ತಿಳಿದಿದ್ದ. "ನಾ ಇಲ್ಲಂದ್ರ ನಮ್ಮಾಕಿಗಿ ಹೊತ್ತೇ ಹೋಗಂಗಿಲ್ಲ ನೋಡ್ರಿ," ಎಂದು ಮೀಸೆ ಇಲ್ಲದ ತುಟಿಯ ಮೇಲೆ ಕೈಯಾಡಿಸಿದಾಗ ಉಳಿದ ಗೌಂಡಿಗಳು ಕರುಬುತ್ತಿದ್ದರು.

ಈಗ ಸಿಕ್ಕಿರುವುದು ನಾಲ್ಕು ದಿನದ ರಜೆ. ಶುಕ್ರವಾರ ಮತ್ತೆ ಬಸ್ಸು ಹತ್ತಬೇಕು. ಅಷ್ಟರೊಳಗೆ ಮಗಳು ಒಂದೇ ಒಂದು ಸಲ ಅಪ್ಪನ ಪುಟ ಮುಟ್ಟಿ ತನ್ನನ್ನು ಕರೆಯಬೇಕು. ಅವನಿಗೆ ಬೇಕಾಗಿದ್ದದ್ದು ಅಷ್ಟೇ.

ಅಂದು ಮಂಗಳವಾರ, ಥೆರಪಿಯ ದಿನ. ಟ್ಯಾಂಕರು ಬರುವುದೂ ಅಂದೇ. ಶಾಲುಬಾಯಿ ಕೊಡ ಸಾಲಿಗಿಡಲು ಹೊರಟಾಗ ಮಚ್ಛೇಂದ್ರ ಎದೆ ಸೆಟೆಸಿ, "ಇವತ್ತ ಆಕಿಗಿ ನಾ ಕರಕೊಂಡು ಹೋಗ್ತೇನಿ, ಬಸ್ಸಿನ್ಯಾಗ," ಎಂದ.

"ಭಯ್ಯಾ, ನಾ ಹೆಂಗೂ ಭಾಲ್ಕಿಗಿ ಹೊಂಟೀನಿ. ಬಸ್ಸಿನ್ಯಾಗ ಆಕಿಗಿ ತ್ರಾಸ ಆಗ್ತದ," ಎಂದ ಗಫೂರ.

"ನನ್ನ ಮಗಳ ತ್ರಾಸ ನನಗ ಗೊತ್ತಿಲ್ಲೇನು?"

ಗೊತ್ತಿರಲಿಲ್ಲ. ಆದರೂ ಅಂದುಬಿಟ್ಟ. ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ಯಾರೂ ನೋಡದಾಗ ಉಂಗುರ ಬಿಚ್ಚಿ, ಗಫೂರನ ಪುಟ ಕಿತ್ತು, ತನ್ನ ಅಂಗಿಯ ಜೇಬಿನಲ್ಲಿ ಮೊಬೈಲಿನ ಹಿಂದೆ ಇಳಿಸಿದ. ಗಫೂರ ಇಲ್ಲದಿದ್ದರೆ ಮುಂದಿನ ಹೆಸರು ಅಪ್ಪನದೇ ತಾನೇ ಎಂಬುದು ಅವನ ಲೆಕ್ಕ.

ಬಸ್ಸಿನಲ್ಲಿ ಪಕ್ಕಕ್ಕೆ ಬಂದು ಕೂತವಳು ಓಣಿಯ ಕೇಶರಬಾಯಿ. ಭಾಲ್ಕಿಯಲ್ಲಿದ್ದ ಮಗಳ ಮನೆಗೆ ಹೊರಟ ಮುದುಕಿ, ಇವರ ಮನೆಗೂ ಹಾಲು ಕೊಡುವ ಓಣಿಯ ಒಂದೇ ಎಮ್ಮೆಯ ಒಡತಿ. ಕೂತವಳೇ ಶುರುಮಾಡಿದಳು.

"ಗಫೂರ ಎಲ್ಲಿ? ಅವ ಇಲ್ಲದ ಈ ಪೋರಿ ಎಲ್ಲಿಗೂ ಹೋಗಂಗಿಲ್ಲಲ್ಲೋ ಮಚ್ಛೇಂದ್ರ. ಅವ ಗಾಡಿ ಹೊಡೀತ ಹಾಡ್ತಾನ, ಇದು ತಲಿ ತೂಗ್ತದ. ನೀ ಹಾಡ್ತೀ ಏನು?"

ಮಚ್ಛೇಂದ್ರ ಹಾಡುವವನಲ್ಲ. ಕಿಟಕಿಯ ಹೊರಗೆ ನೋಡಿದ. ಗೌತಮಿ ಪುಸ್ತಕ ಬಿಡಿಸಿ ಪುಟ ಮಗುಚತೊಡಗಿದಳು. ಎಲ್ಲ ಮಗುಚಿದಳು, ಮತ್ತೆ ಮೊದಲಿನಿಂದ ಮಗುಚಿದಳು. ಬೇಕಾದ ಪುಟ ಸಿಗಲಿಲ್ಲ. ಸಿಟ್ಟಿಗೆದ್ದು ನೀರಿನ ಗ್ಲಾಸಿನ ಮೇಲೆ ಕುಟ್ಟಿದಳು. ಮಚ್ಛೇಂದ್ರ ಕೂಡಲೇ ಬಾಟಲಿ ಕೊಟ್ಟ. ಆಕೆ ದೂಡಿದಳು. ರೊಟ್ಟಿ ಮುಟ್ಟಿದಳು, ರೊಟ್ಟಿ ಕೊಟ್ಟ. ಅದು ಮುಂದಿನ ಸೀಟಿನವರ ರುಮಾಲಿನ ಮೇಲೆ ಹೋಗಿ ಬಿತ್ತು.

ಅಪ್ಪನ ಪುಟ ಬಂತು. ಮಚ್ಛೇಂದ್ರ ಮುಂದಕ್ಕೆ ಬಾಗಿದ. ಆಕೆ ಅದನ್ನು ಹಾಗೇ ಮಗುಚಿ ಮತ್ತೆ ಮೊದಲಿಗೆ ಬಂದಳು, ಎಮ್ಮೆಯ ಮೇಲೆ ಬೆರಳಿಟ್ಟಳು.

"ಎಮ್ಮಿ ಕೇಳ್ಲಿಕ್ಕತ್ಯಾಳ. ಆಗಿಂದಾಗ ಕೊಡಬೇಕಂತ, ಇಲ್ಲಂದ್ರ ಬೆರಳು ಎತ್ತೂದೇ ಬಿಡ್ತಾಳಂತ," ಎಂದು ಮಚ್ಛೇಂದ್ರ ಕೇಶರಬಾಯಿಯ ಮುಖ ನೋಡಿದ.

"ನನಗ ಯಾಕ ನೋಡ್ತಿ? ನಾ ಏನ್ ಎಮ್ಮಿ ಚೀಲದಾಗ ಹಾಕ್ಕೊಂಡು ಬಂದೀನೇನು?"

ಬೇರೆ ದಾರಿ ಕಾಣದೆ ಮಚ್ಛೇಂದ್ರ ತಾನೇ ಎಮ್ಮೆಯಂತೆ ಕೂಗಿದ. ಮೊದಲು ಮೆಲ್ಲಗೆ, ಮಗಳು ಬೆರಳು ತೆಗೆಯದಿದ್ದಾಗ ಜೋರಾಗಿ. ಇಡೀ ಬಸ್ಸು ತಿರುಗಿ ನೋಡಿತು. ಗೌತಮಿ ಒಂದು ಗಳಿಗೆ ಬೆರಗಾಗಿ ಅವನನ್ನೇ ದಿಟ್ಟಿಸಿದಳು. ಆಮೇಲೆ ಸಂಡಾಸಿನ ಪುಟ ಮುಟ್ಟಿದಳು.

"ಬಸ್ಸು ನಿಂದ್ರಸ್ರಿ, ನಿಂದ್ರಸ್ರಿ," ಎಂದು ಮಚ್ಛೇಂದ್ರ ಎದ್ದು ನಿಂತ.

ಬಸ್ಸು ನಿಂತಿತು. ಒಣಗಿದ ತೊಗರಿ ಹೊಲದಂಚಿನಲ್ಲಿ ಮಗಳನ್ನು ಕೂರಿಸಿದ. ಆಕೆಗೆ ಏನೂ ಬಂದಿರಲಿಲ್ಲ, ಆಕೆ ಗಫೂರನನ್ನು ಹುಡುಕುತ್ತಿದ್ದಳು ಅಷ್ಟೇ. ಹೀಗೆ ಬಸ್ಸು ಭಾಲ್ಕಿ ಮುಟ್ಟುವುದರೊಳಗೆ ಮೂರು ಸಲ ನಿಂತಿತು. ಮೂರನೇ ಸಲ ಕಂಡಕ್ಟರ್ ಕೆಳಗಿಳಿದು ಬಂದು, "ಈ ಕೂಸು ನಿಮ್ದೇ ಏನ್ರಿ?" ಎಂದು ಕೇಳಿದ.

"ಅವಂದೇ ರೀ," ಎಂದು ಕೇಶರಬಾಯಿ ಕಿಟಕಿಯಿಂದ ತಲೆ ಹಾಕಿ ಸಾಕ್ಷಿ ಹೇಳಿದಳು. "ಆದ್ರ ಸಂಭಾಳಿಸಾಂವ ಗಫೂರ."

ಸೆಂಟರು ಭಾಲ್ಕಿಯ ಬಸ್ ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ, ಎರಡು ಕೋಣೆಯ ಬಾಡಿಗೆ ಮನೆ. ಮುಂದೊಂದು ಬೇವಿನ ಮರ. ಬಾಗಿಲಲ್ಲೇ ರಿಜಿಸ್ಟರು. 'ಕರೆತಂದವರು' ಎಂಬ ಕಾಲಮಿನಲ್ಲಿ ಗೌತಮಿಯ ಹೆಸರಿನ ಮುಂದೆ ಒಂದರ ಕೆಳಗೊಂದು ಅಬ್ದುಲ ಗಫೂರ, ಅಬ್ದುಲ ಗಫೂರ. ಮೂವತ್ತೆರಡು ಮಂಗಳವಾರ. ಮಚ್ಛೇಂದ್ರ ಪೆನ್ನು ಒತ್ತಿ ಒತ್ತಿ ತನ್ನ ಹೆಸರು ಎರಡು ಸಾಲಿನಷ್ಟು ದೊಡ್ಡದಾಗಿ ಬರೆದ.

ಬೀದರದಿಂದ ಬರುವ ಥೆರಪಿಸ್ಟ್ ಶಾಕಿರಾ ಬೇಗಂ ಅದನ್ನು ಓದಿ ಅವನ ಮುಖ ನೋಡಿದರು.

"ನೀವು ಯಾರ್ರಿ?"

"ಆಕಿ ಅಪ್ಪ ರೀ."

"ಆಕಿ ಬುಕ್ಕಿನ್ಯಾಗ ಅಪ್ಪಗ ಮೀಸಿ ಅದ."

"ಪುಣೆಯಾಗ ತಗದೀನ್ರಿ. ಸಿಮೆಂಟು ಕೂಡ್ತಿತ್ತು."

"ಹಾಂಗ ಹೇಳಿದ್ರ ಆಗಂಗಿಲ್ಲ. ಗುರ್ತಿಲ್ಲದವರ ಕೈಯಾಗ ನಾವು ಕೂಸು ಬಿಡಂಗಿಲ್ಲ. ಆಕಿಗೇ ಕೇಳೋಣ." ಶಾಕಿರಾ ಬೇಗಂ ಗೌತಮಿಯ ಮುಂದೆ ಮಂಡಿಯೂರಿದರು. "ಗೌತಮಿ, ಇವರು ಯಾರು?"

ಗೋಡೆಗೊರಗಿ ಕೂತಿದ್ದ ತಾಯಂದಿರೆಲ್ಲ ಕತ್ತು ಉದ್ದ ಮಾಡಿದರು. ಮಚ್ಛೇಂದ್ರ ಮೇಲ್ದುಟಿಯ ಮೇಲೆ ಬೆರಳು ಅಡ್ಡ ಹಿಡಿದು ಮೀಸೆ ಮಾಡಿ ತೋರಿಸಿದ. ಗೌತಮಿ ಅವನನ್ನು ನೋಡಿದಳು, ಯೋಚಿಸಿದಳು, ಪುಟ ಮಗುಚಿದಳು. ಖಾತ್ರಿಯಿಂದ ಬೆರಳಿಟ್ಟಳು.

ಎಮ್ಮೆ.

ಕೋಣೆಗೆ ಕೋಣೆಯೇ ನಕ್ಕಿತು. ಶಾಕಿರಾ ಬೇಗಂ ನಗಲಿಲ್ಲ. ಪುಟಗಳನ್ನು ಎಣಿಸುತ್ತಿದ್ದರು.

"ಇದರಾಗ ಒಂದು ಪುಟ ಇಲ್ಲ. ಗಫೂರಭೈದು ಎಲ್ಲಿ ಹೋಯ್ತು?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಮಚ್ಛೇಂದ್ರ ಮುಟ್ಟಿ ನೋಡಿಕೊಂಡದ್ದು ಜೇಬು. ಮುಟ್ಟಿದ ಮೇಲೆ ಕೈ ಸುಮ್ಮನೆ ತೆಗೆಯುವುದು ಹೇಗೆಂದು, "ನಮ್ಮಾಕಿಗಿ ಫೋನ್ ಹಚ್ತೇನ್ರಿ, ಆಕಿನೇ ಹೇಳ್ತಾಳ," ಎನ್ನುತ್ತ ಮೊಬೈಲು ಎಳೆದ. ಅದರ ಹಿಂದೆಯೇ ಗಫೂರ ಜಾರಿ ನೆಲಕ್ಕೆ ಬಿದ್ದ, ಹಲ್ಲು ಬಿಟ್ಟುಕೊಂಡೇ.

"ಇದು ಫೋಟೋ ಅಲ್ರಿ," ಎಂದರು ಶಾಕಿರಾ ಬೇಗಂ, ಪುಟ ಎತ್ತಿಕೊಳ್ಳುತ್ತ. "ಇದು ಆಕಿ ಮಾತು. ಇರೂವೇ ಎಂಟು ಮಾತು. ಅದರಾಗ ಒಂದು ಕಸಗೊಂಡು ಜೇಬಿನ್ಯಾಗ ಇಟ್ಕೊಂಡೀರಿ."

ಮಚ್ಛೇಂದ್ರನಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಮೊಬೈಲನ್ನು ಜೇಬಿಗೆ ತುರುಕಿ ತಲೆ ತಗ್ಗಿಸಿದ. ಬೆಳಗಿನಿಂದ ಮಗಳು ಕುಟ್ಟಿ ಕುಟ್ಟಿ ಕೇಳಿದ್ದು ಇದನ್ನೇ, ತಾನು ಕೊಟ್ಟದ್ದು ಎಮ್ಮೆಯ ಕೂಗು.

ಅಷ್ಟರಲ್ಲಿ ಹೊರಗೆ ಟಂಟಂ ಸದ್ದಾಯಿತು. ಟ್ಯಾಂಕರು ಬೇಗ ಬಂದದ್ದರಿಂದ ಶಾಲುಬಾಯಿ ಕೊಡ ತುಂಬಿಟ್ಟು ಗಫೂರನ ಗಾಡಿಯಲ್ಲೇ ಬಂದಿದ್ದಳು. ಗಫೂರನನ್ನು ಕಂಡದ್ದೇ ಗೌತಮಿ ತಡವರಿಸುತ್ತ ಹೋಗಿ ಅವನ ತೊಡೆಯೇರಿ ಕೂತಳು. ಇವರು ಅಪ್ಪ ಹೌದೆಂದು ಶಾಲುಬಾಯಿ ಹೇಳಿದಳು. ಶಾಕಿರಾ ಬೇಗಂ ಪುಟವನ್ನು ಉಂಗುರಕ್ಕೆ ಪೋಣಿಸಿದರು. ಮಚ್ಛೇಂದ್ರ ಮೂಲೆಯಲ್ಲಿ ನಿಂತು ಮಗಳ ಬೆರಳು ಗಫೂರನ ಪುಟಕ್ಕೆ ಹೋಗುವುದನ್ನೇ ಕಾಯುತ್ತಿದ್ದ, ಹುಣ್ಣನ್ನು ತಾನೇ ಕೆರೆದುಕೊಳ್ಳುವವನ ಹಾಗೆ.

ಆದರೆ ಗೌತಮಿ ನೋಡುತ್ತಿದ್ದದ್ದು ಮಚ್ಛೇಂದ್ರನನ್ನು. ಎದೆಯತ್ತಲೇ ನೆಟ್ಟ ನೋಟ. ಪುಟ ಮಗುಚಿದಳು. ಒಂದು ಪುಟದಲ್ಲಿ ಕೈ ನಿಲ್ಲಿಸಿದಳು. ಅಪ್ಪನ ಮೇಲೆ ಬೆರಳಿಟ್ಟಳು.

"ಭಯ್ಯಾ, ನಿಮಗೇ ಕರೀಲಿಕ್ಕತ್ಯಾಳ," ಎಂದ ಗಫೂರ. ಅವನ ಕಣ್ಣಲ್ಲಿ ನೀರಿತ್ತು. ಗೌತಮಿ ತೊಡೆಯಿಂದಿಳಿದು ಯಾರ ಕೈಯೂ ಹಿಡಿಯದೆ ಒಂಬತ್ತು ಹೆಜ್ಜೆ ನಡೆದು ಬಂದಳು. ಮಚ್ಛೇಂದ್ರ ಕುಸಿದು ಕೂತು ಕೈ ಚಾಚಿದ. ಮಗಳ ಪುಟ್ಟ ಕೈ ಅವನ ಎದೆ ಮುಟ್ಟಿತು. ಅವನು ಕಣ್ಣು ಮುಚ್ಚಿದ.

ಕೈ ಜೇಬಿಗಿಳಿದು ಮೊಬೈಲು ಎತ್ತಿಕೊಂಡಿತು. ಗೌತಮಿ ಅದನ್ನು ಕಿವಿಗೆ ಒತ್ತಿಕೊಂಡು, ತಿರುಗಿ ಒಂಬತ್ತು ಹೆಜ್ಜೆ ನಡೆದು, ಗಫೂರನ ತೊಡೆಯೇರಿ ಕಾಯತೊಡಗಿದಳು.

"ಇದೇನು?" ಎಂದ ಮಚ್ಛೇಂದ್ರ.

ಶಾಲುಬಾಯಿ ಸೆರಗಿನ ತುದಿ ಹಿಂಡಿದಳು. "ಮುಟ್ಟಿದ್ದು ಆಗಿಂದಾಗ ಕೊಡಬೇಕಿತ್ತಲ್ರಿ. ನೀವು ಪುಣೆಯಾಗ. ಆಕಿ ಅಪ್ಪಗ ಮುಟ್ಟಿದಾಗೆಲ್ಲ ನಾ ಎಲ್ಲಿಂದ ತಂದು ಕೊಡ್ಲಿ? ಫೋನ್ ಹಚ್ಚಿ ಕಿವಿಗಿ ಹಿಡೀತಿದ್ದೆ. ಕೆಲಸದಾಗ ಸುಮ್ಮ ಸುಮ್ಮನ ಫೋನ್ ಮಾಡ್ತೀ ಅಂತ ಬಯ್ತೀರಿ ಅಂತ ನಿಮಗ ಹೇಳಿರ್ಲಿಲ್ಲ."

ನಾಲ್ಕನೇ ಮಾಳಿಗೆಯ ಮೇಲೆ ಕೇಳಿದ ಆ ವಿರಹದ ಉಸಿರು ಯಾರದೆಂದು ಮಚ್ಛೇಂದ್ರನಿಗೆ ಈಗ ತಿಳಿಯಿತು. ಹಿಗ್ಗಬೇಕೋ ಅಳಬೇಕೋ ತಿಳಿಯಲಿಲ್ಲ.

"ಕೂಸು ಕಾಯ್ಲಿಕ್ಕತ್ಯದ," ಎಂದರು ಶಾಕಿರಾ ಬೇಗಂ. "ಮುಟ್ಟಿದ್ದು ಕೊಡ್ರಿ."

ಕೊಡಬೇಕಾದರೆ ಫೋನು ಬೇಕು. ಇವನದು ಮಗಳ ಕಿವಿಯಲ್ಲಿ, ಶಾಲುಬಾಯಿಯದು ಮನೆಯಲ್ಲಿ. ಗಫೂರ ತನ್ನ ಮೊಬೈಲು ಮುಂದೆ ಹಿಡಿದ. ಬೇರೆ ಯಾರಾದರೂ ಕೊಟ್ಟಾರೇನೋ ಎಂದು ಮಚ್ಛೇಂದ್ರ ಸುತ್ತ ನೋಡಿ, ಕೊನೆಗೆ ಅದನ್ನೇ ತೆಗೆದುಕೊಂಡು ಹೊರಗೆ ಬೇವಿನ ಮರದ ಕೆಳಗೆ ನಿಂತು ತನ್ನದೇ ನಂಬರು ಒತ್ತಿದ. ಒಳಗೆ ಗೌತಮಿಯ ಕೈಯಲ್ಲಿದ್ದ ಫೋನು ಬಡಿದುಕೊಂಡಾಗ ಗಫೂರ ಹಸಿರು ಗುಂಡಿ ಒತ್ತಿಕೊಟ್ಟ.

"ಗೌತಮಿ, ರೊಟ್ಟಿ ತಿಂದೀ?"

ಕಿಟಕಿಯಲ್ಲಿ ಮಗಳ ಮುಖ ಬೆಳಗಿತು. ಬೆಳಿಗ್ಗೆ ಗಫೂರನಿಗೆ ಸಿಕ್ಕ ನಗು ಇದರ ಮುಂದೆ ಏನೂ ಅಲ್ಲ. ಮಚ್ಛೇಂದ್ರನಿಗೆ ತಡೆಯಲಾಗಲಿಲ್ಲ. ಫೋನು ಕಿವಿಗಿಟ್ಟುಕೊಂಡೇ ಒಳಗೆ ಓಡಿ ಬಂದು, "ಇಲ್ಲಿ ನೋಡು, ನಾನೇ, ನಾನೇ ನಿನ್ನ ಅಪ್ಪ," ಎಂದ.

ಗೌತಮಿಯ ಹುಬ್ಬು ಗಂಟಿಕ್ಕಿತು. ಈ ಎಮ್ಮೆ ಒದರುವುದರಿಂದ ಫೋನಿನಲ್ಲಿ ಅಪ್ಪನ ಮಾತು ಸರಿಯಾಗಿ ಕೇಳುತ್ತಿರಲಿಲ್ಲ. ಒಂದು ಕೈಯಲ್ಲಿ ಫೋನು ಒತ್ತಿ ಹಿಡಿದು ಇನ್ನೊಂದು ಕೈಯಲ್ಲಿ ಕೊನೆಯ ಪುಟಕ್ಕೆ ಹೋದಳು. ಕೆಂಪು ಗೀಟಿನ ಮೇಲೆ ಬೆರಳಿಟ್ಟು ಅವನತ್ತ ತೋರಿಸಿದಳು.

ಎಲ್ಲರೂ ಮಚ್ಛೇಂದ್ರನನ್ನು ನೋಡಿದರು. ಮುಟ್ಟಿದ್ದು ಆಗಿಂದಾಗ ಆಗಬೇಕು.

"ಭಯ್ಯಾ, ಬೇಜಾರ ಮಾಡ್ಕೋಬ್ಯಾಡ್ರಿ," ಎಂದು ಗಫೂರ ಮೆತ್ತಗೆ ಹೇಳಿದ. "ಒಂದೀಟು ಹೊರಗ ನಿಂದರ್ರಿ. ಆಕಿ ಅಪ್ಪನ ಕೂಡ ಮಾತಾಡ್ಲಿಕ್ಕತ್ಯಾಳ."

ಮಚ್ಛೇಂದ್ರ ಮತ್ತೆ ಬೇವಿನ ಮರದ ಕೆಳಗೆ ಹೋಗಿ ನಿಂತ. ಗಫೂರನ ಮೇಲಿದ್ದ ಹೊಟ್ಟೆಕಿಚ್ಚು ಎಲ್ಲೋ ಇಳಿದುಹೋಗಿತ್ತು. ಈಗ ಉರಿಯುತ್ತಿದ್ದದ್ದು ಫೋನಿನೊಳಗೆ ಕೂತು ಮಗಳನ್ನು ಅಷ್ಟು ನಗಿಸುವ ಆ ಪುಣೆಯ ಗೌಂಡಿಯ ಮೇಲೆ. ಅವನ ಪುಟ ಕೀಳುವ ಹಾಗೂ ಇರಲಿಲ್ಲ.

"ಎಮ್ಮಿ ಹಾಲು ಕೊಡ್ತದ?" ಎಂದು ಕೇಳಿದ.

ಕಿಟಕಿಯೊಳಗೆ ಗೌತಮಿ ಗಫೂರನ ತೊಡೆಯ ಮೇಲೆ ಕೂತು ಹೊಟ್ಟೆ ಹಿಡಿದು ನಕ್ಕಳು.